ಗಂಗೆ ಯಾವುದು, ಕೆಸರು ಯಾವುದು?

ಪ್ರಿಯರೇ,

ಹಿಪ್‌ಹಾಪ್ ಸಂಗೀತದಲ್ಲಿ ದೇವರು ಮತ್ತು ಪ್ರಾರ್ಥನೆಯನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಶುದ್ಧವಾಗಿದೆ, ವಿಷಯದ ಆಯ್ಕೆ ಚೆನ್ನಾಗಿದೆ. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಅದಕ್ಕೆ ಕಾರಣ ಮೂರನೆಯ ಪ್ಯಾರಾದ ಒಂದು ವಾಕ್ಯ. ಅದನ್ನು ಓದಿದ ಮೇಲೆ ಉಳಿದದ್ದನ್ನು ಸಮಾಧಾನದಿಂದ ಓದುವುದು ನನ್ನಿಂದ ಸಾಧ್ಯವಾಗಲಿಲ್ಲ.

"ಬೀದಿಯ ಕೆಸರಿನಲ್ಲಿ ಹುಟ್ಟಿದ ಹಿಪ್‌ಹಾಪ್, ಗಾಸ್ಪೆಲ್ ಎಂಬ ಗಂಗೆಯಲ್ಲಿ ಮಿಂದು ಪಾವನವಾಯಿತು" ಎಂದು ಬರೆದಿದ್ದೀರಿ.

ಮೊದಲು ನಿಮ್ಮ ಗಂಗೆಯನ್ನೇ, ಎಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿಸಂಗೀತವಾದ ಗಾಸ್ಪೆಲ್ಲನ್ನೇ ನೋಡೋಣ. ಗಾಸ್ಪೆಲ್ ಸಂಗೀತದ ಪಿತಾಮಹರೆನಿಸಿಕೊಂಡ ಥಾಮಸ್ ಡಾರ್ಸಿ ಅದಕ್ಕೂ ಮುಂಚೆ 'ಜಾರ್ಜಿಯಾ ಟಾಮ್' ಎಂಬ ಹೆಸರಿನಲ್ಲಿ ಬ್ಲೂಸ್ ಎಂಬ, ಕಪ್ಪು ಜನರ ಲೌಕಿಕ ಸಂಗೀತದಲ್ಲಿ ಪೋಲಿ ಹಾಡುಗಳನ್ನು ಧ್ವನಿಮುದ್ರಿಸಿದವರು. ಬ್ಲೂಸ್ ಗಾಯಕಿ ಮಾ ರೈನಿಯವರಿಗೆ ಪಿಯಾನೊ ನುಡಿಸಿದವರು. 1932ರಲ್ಲಿ ಅವರು ಊರಿನಲ್ಲಿ ಇಲ್ಲದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಕೈಹಿಡಿದು ನಡೆಸೆಂದು ದೇವರನ್ನು ಬೇಡುವ ಅವರ ಪ್ರಸಿದ್ಧ ಹಾಡು ಹುಟ್ಟಿದ್ದು ಆ ದುಃಖದಲ್ಲಿ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಸಂಸ್ಕಾರದಲ್ಲಿ ಗಾಸ್ಪೆಲ್ ಗಾಯಕಿ ಮಹೇಲಿಯಾ ಜ್ಯಾಕ್ಸನ್ ಹಾಡಿದ್ದೂ ಅದನ್ನೇ. ಹೀಗಿದ್ದರೂ, ಡಾರ್ಸಿಯವರು ಬ್ಲೂಸ್‌ನ ಬಳುಕನ್ನು ಭಕ್ತಿಗೀತೆಗೆ ತಂದ ಹೊಸದರಲ್ಲಿ ಹಲವು ಚರ್ಚುಗಳು ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಎಂದರೆ, ನಿಮ್ಮ ಗಂಗೆಯ ಮೂಲದಲ್ಲೇ ಆ ಕಾಲದವರು ಕೆಸರನ್ನು ಕಂಡಿದ್ದರು.

ಇನ್ನು 'ಮಿಂದು' ಎಂಬ ಪದ. 1954ರಲ್ಲಿ ಗಾಯಕ ರೇ ಚಾರ್ಲ್ಸ್ ಒಂದು ಗಾಸ್ಪೆಲ್ ಹಾಡಿನ ಧಾಟಿಯನ್ನು ಎತ್ತಿಕೊಂಡು ಹೆಣ್ಣಿನ ಮೇಲಿನ ಪ್ರೇಮದ ಹಾಡು ಮಾಡಿದರು. 1997ರಲ್ಲಿ ಗಾಸ್ಪೆಲ್ ಸಂಗೀತಗಾರ ಕರ್ಕ್ ಫ್ರ್ಯಾಂಕ್ಲಿನ್, ಫಂಕಡೆಲಿಕ್ ತಂಡದ 1978ರ ಕುಣಿತದ ಹಾಡೊಂದರ ತುಣುಕಿನ ಮೇಲೆ ಗಾಸ್ಪೆಲ್ ಕಟ್ಟಿದರು. ಯಾರು ಯಾರಲ್ಲಿ ಮಿಂದರು ಎಂಬುದನ್ನು ನೀವೇ ಹೇಳಬೇಕು.

'ಪಾವನವಾಯಿತು' ಎಂಬುದಕ್ಕೆ ನೀವು ಕೊಟ್ಟ ಸಾಕ್ಷಿ ಹಿಪ್‌ಹಾಪ್ ಗಾಯಕ ಕಾನ್ಯೆ ವೆಸ್ಟ್ ಅವರ 2004ರ ಹಾಡು 'ಜೀಸಸ್ ವಾಕ್ಸ್'. ಅದರಲ್ಲಿ ಕೇಳಿಬರುವ ಸಮೂಹಗಾನವನ್ನು "ಚರ್ಚಿನ ನಿರ್ಮಲ ಕಂಠಗಳು" ಎಂದು ಬಣ್ಣಿಸಿದ್ದೀರಿ. ಆ ದನಿಗಳು ಎಆರ್‌ಸಿ ಕಾಯರ್ ಎಂಬ ತಂಡದ ಧ್ವನಿಮುದ್ರಣದಿಂದ ಬಂದವು. ಹಾರ್ಲೆಮ್‌ನಲ್ಲಿ ಮಾದಕ ವ್ಯಸನದಿಂದ ಬಿಡಿಸಿಕೊಳ್ಳಲು ಬಂದವರಿಗಾಗಿ ನಡೆಯುತ್ತಿದ್ದ ಕೇಂದ್ರವೊಂದರ ಗಾಯನ ತಂಡವದು. ನೀವು ಕೆಸರೆಂದು ಕರೆದ ಬೀದಿಯನ್ನು ಬಲ್ಲವರೇ ನನ್ನೊಡನೆ ನಡೆ ಎಂದು ದೇವರನ್ನು ಕರೆಯುತ್ತಿದ್ದಾರೆ. ನಿಮ್ಮ ಲೇಖನದ ಅತ್ಯಂತ ಜೀವಂತ ಸಂಗತಿ ಇಲ್ಲಿತ್ತು. 'ನಿರ್ಮಲ' ಎಂಬ ಒಂದೇ ಪದ ಅದನ್ನು ನಿಮ್ಮ ಕಣ್ಣಿಗೆ ಬೀಳದಂತೆ ಮಾಡಿತು.

ನನ್ನ ಎರಡನೆಯ ಆಕ್ಷೇಪ 'ಅಲೌಕಿಕ' ಎಂಬ ಪದದ ಮೇಲೆ. ಈ ಪದ ನಿಮ್ಮಲ್ಲಿ ಏಳು ಸಲ ಬಂದಿದೆ, ಎಣಿಸಿದೆ. ಅದರ ಮೇಲೆ ನನಗೆ ಹಳೆಯ ಸಿಟ್ಟೊಂದಿದೆ. ಪತ್ರಿಕೆಯ ಕೆಲಸಕ್ಕೆ ಸೇರಿದ ಮೊದಲ ವರ್ಷ, ಶಿವರಾತ್ರಿಯ ಜಾಗರಣೆಯಲ್ಲಿ ತತ್ವಪದ ಹಾಡುವವರನ್ನು ಕೇಳಿ ಬರೆಯಲು ನನ್ನನ್ನು ಒಂದು ಹಳ್ಳಿಗೆ ಕಳುಹಿಸಿದ್ದರು. ನಾನು ಬರೆದು ತಂದದ್ದರಲ್ಲಿ ಎಲ್ಲವೂ ಅಲೌಕಿಕವಾಗಿತ್ತು. ನಮ್ಮ ಹಿರಿಯ ಉಪಸಂಪಾದಕರು ಅಂಥ ಪ್ರತಿಯೊಂದು ಪದದ ಸುತ್ತಲೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, "ಏಕತಾರಿ ಯಾರ ಕೈಯಲ್ಲಿತ್ತು? ಪಲ್ಲವಿಯನ್ನು ಮೊದಲು ಎತ್ತಿಕೊಂಡವರು ಯಾರು? ಉಳಿದವರು ಎಲ್ಲಿ ದನಿಗೂಡಿಸಿದರು?" ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ, ಏಕೆಂದರೆ ನಡುರಾತ್ರಿಗೆ ಮೊದಲೇ ಗುಡಿಯ ಹಿಂದಿನ ಜಗಲಿಯ ಮೇಲೆ ಮಲಗಿ ನಿದ್ದೆ ಹೋಗಿದ್ದೆ. ಕೇಳದೆ ಬಿಟ್ಟದ್ದನ್ನು ಮುಚ್ಚಿಕೊಳ್ಳಲು ಆ ಪದ ಬಹಳ ಅನುಕೂಲಕರವಾಗಿತ್ತು.

ನೀವೂ ನಿದ್ದೆ ಮಾಡಿದ್ದೀರೆಂದು ಹೇಳುತ್ತಿಲ್ಲ, ಅನುಮಾನ ಮಾತ್ರ ಇದೆ. ಹಿಪ್‌ಹಾಪ್ ಗಾಯಕ ಕೆಂಡ್ರಿಕ್ ಲಮಾರ್ ಅವರ 2012ರ 'ಗುಡ್ ಕಿಡ್, ಮ್ಯಾಡ್ ಸಿಟಿ' ಆಲ್ಬಂನ ಪ್ರಾರ್ಥನೆಯನ್ನು "ಅಲೌಕಿಕ ಅನುಭೂತಿ" ಎಂದು ಕರೆದು ಮುಂದಕ್ಕೆ ಹೋಗಿದ್ದೀರಿ. ಅಲ್ಲಿ ಕೇಳಿಸುವುದು ಇಷ್ಟು: ಆಲ್ಬಂ ಆರಂಭವಾಗುವುದೇ ಹುಡುಗರು ಪಾಪನಿವೇದನೆಯ ಪ್ರಾರ್ಥನೆ ಒಪ್ಪಿಸುವ ದನಿಯಿಂದ; ಮೊದಲ ಸಲ ಕೇಳುವವರು ಅದನ್ನು ನಾಟಕದ ನಾಂದಿಯಂತೆ ಎಣಿಸಿ ಮರೆಯುತ್ತಾರೆ. ಬಹಳ ಹೊತ್ತಿನ ನಂತರ, ಗೆಳೆಯನೊಬ್ಬ ಗುಂಡಿಗೆ ಬಲಿಯಾಗಿ ಉಳಿದವರು ಸೇಡಿಗೆ ಕುದಿಯುತ್ತಿರುವಾಗ, ಮುದುಕಿಯೊಬ್ಬಳು ಅವರನ್ನು ತಡೆದು ನಿಲ್ಲಿಸಿ ಅದೇ ಪ್ರಾರ್ಥನೆಯನ್ನು ತುಂಡು ತುಂಡಾಗಿ ಹೇಳಿಕೊಡುತ್ತಾಳೆ, ಹುಡುಗರು ಅವಳ ಹಿಂದೆಯೇ ಹೇಳುತ್ತಾರೆ. ಆರಂಭದಲ್ಲಿ ಕೇಳಿದ್ದು ಈ ಗಳಿಗೆಯ ದನಿಯೆಂಬುದು ಆಗಷ್ಟೇ ತಿಳಿಯುತ್ತದೆ. ಇನ್ನೊಂದು ಮಾತು: ಪುಸ್ತಕಗಳಿಲ್ಲದ, ಓದು ಬಾರದ ಜನರಿದ್ದ ಕಾಲದಲ್ಲಿ ಕಪ್ಪು ಜನರ ಚರ್ಚುಗಳಲ್ಲಿ ಒಬ್ಬರು ಸಾಲನ್ನು ಹೇಳಿಕೊಟ್ಟು ಸಭೆ ಅದನ್ನು ಹಾಡುವ ರೂಢಿಯಿತ್ತು, ಆ ಮುದುಕಿ ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ. ಇದಿಷ್ಟನ್ನು ಬರೆದಿದ್ದರೆ ವಿಶೇಷಣದ ಅಗತ್ಯವೇ ಬೀಳುತ್ತಿರಲಿಲ್ಲ.

ಮೂರನೆಯ ಪ್ಯಾರಾವನ್ನು ಪೂರ್ತಿ ತೆಗೆದು, ಈ ಪ್ರಾರ್ಥನೆಯಿಂದಲೇ ಲೇಖನ ಆರಂಭಿಸಿ ಮತ್ತೆ ಕಳುಹಿಸಿ, ಖಂಡಿತ ಓದುತ್ತೇನೆ. ಅಂದಹಾಗೆ, ಹಿಪ್‌ಹಾಪ್ ಗಾಯಕ ರಾಕಿಮ್ ಅವರನ್ನು "ಚರ್ಚಿನ ಮಗ" ಎಂದಿದ್ದೀರಿ. ಅವರ ಪದ್ಯಗಳಲ್ಲಿರುವುದು 1964ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಫೈವ್ ಪರ್ಸೆಂಟ್ ಪಂಥದ ನುಡಿಗಟ್ಟು, ಆ ಪಂಥದವರಿಗೆ ಕಪ್ಪು ಮನುಷ್ಯನೇ ದೇವರು. ಆ ಸಾಲನ್ನೂ ತೆಗೆಯಿರಿ.

ಇತಿ,
ಸಂಪಾದಕ