ಹಳ್ಳಕ್ಕೆ ಹೋಗುವ ಪೊಟ್ಯಾಷ್

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ 'ಚಕ್ರೀಯ ಜೈವಿಕ ಆರ್ಥಿಕತೆ' ಅಂತ ಪುಟಗಟ್ಟಲೆ ಬರೆದಿರಿ. ಅದು ನಮ್ಮಜ್ಜನ ತಿಪ್ಪೆಗುಂಡಿಯೇ ಅಲ್ವಾ? ಹೊಸದೇನಿದೆ? ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮನೆ ಹಿಂದೆ ರಾಶಿ ಬೀಳುವ ಕಾಫಿ ಸಿಪ್ಪೆಯನ್ನು ಏನು ಮಾಡಲಿ, ಅದನ್ನು ಹೇಳಿ. ಮೂರು ಹಸು ಇವೆ, ಗ್ಯಾಸ್ ಆಗುತ್ತದಾ?"

ನಿಮ್ಮ ಮಾತು ಅರ್ಧ ಸರಿ. ಹೆಸರು ಭಾರವಾಯಿತು, ಒಪ್ಪುತ್ತೇನೆ. ಅದರ ಅರ್ಥ ಇಷ್ಟೇ, ತೋಟದಿಂದ ಬಂದದ್ದು ತೋಟಕ್ಕೇ ಹೋಗಬೇಕು. ಅದು ಅಜ್ಜನಿಗೂ ಗೊತ್ತಿತ್ತು. ಆದರೆ ಆ ಕಾಲದ ತಿಪ್ಪೆಯ ಮೇಲೆ ಸೂರು ಎಲ್ಲಿತ್ತು? ಗಿಡಕ್ಕೆ ಬೇಕಾದ ಪೊಟ್ಯಾಷ್ ಅನ್ನುವ ಪೋಷಕಾಂಶ ನೀರಲ್ಲಿ ಸುಲಭವಾಗಿ ಕರಗುತ್ತದೆ. ನಮ್ಮ ಜುಲೈ ಮಳೆಗೆ ತಿಪ್ಪೆಯಿಂದ ಕಪ್ಪು ನೀರು ಹರಿಯುತ್ತದಲ್ಲ, ಅದರ ಜೊತೆ ಪೊಟ್ಯಾಷೂ ಹೋಗುತ್ತದೆ.

ಕಾಫಿ ಸಿಪ್ಪೆಯಲ್ಲಿರುವ ಪೋಷಕಾಂಶಗಳಲ್ಲಿ ಮುಖ್ಯವಾದದ್ದೂ ಅದೇ ಪೊಟ್ಯಾಷ್. 100 ಕೆಜಿ ಹಣ್ಣಿಗೆ ಹತ್ತಿರ ಹತ್ತಿರ 40 ಕೆಜಿ ಸಿಪ್ಪೆ ಬರುತ್ತದೆ. ನಮ್ಮ ದೇಶ ಪೊಟ್ಯಾಷ್ ಗೊಬ್ಬರವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ತರಿಸುತ್ತದೆ, ಹಡಗಿನಲ್ಲಿ ಬಂದ ಅದನ್ನು ನಾವು ಮೂಟೆಗಟ್ಟಲೆ ಕೊಂಡು ಗಿಡಕ್ಕೆ ಹಾಕುತ್ತೇವೆ, ಡಿಸೆಂಬರ್ ಬಂದರೆ ಅದರಲ್ಲೊಂದು ಪಾಲನ್ನು ಸಿಪ್ಪೆ ಜೊತೆ ಹಳ್ಳದ ಬದಿಗೆ ಸುರಿಯುತ್ತೇವೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಸಿ ಸಿಪ್ಪೆಯನ್ನು ಗಿಡದ ಬುಡಕ್ಕೆ ಹಾಕಬೇಡಿ. ಅದು ಹುಳಿ, ಕೊಳೆಯುವಾಗ ಬಿಸಿಯೂ ಏಳುತ್ತದೆ. ಒಂದು ಪದರ ಸಿಪ್ಪೆ, ಒಂದು ಪದರ ದರಗು, ಮೇಲೆ ಸಗಣಿ ಬಗ್ಗಡ, ಇದ್ದರೆ ಸ್ವಲ್ಪ ರಾಕ್ ಫಾಸ್ಫೇಟ್ (ರಂಜಕ ಕೊಡುವ ಕಲ್ಲಿನ ಪುಡಿ). ತಿಂಗಳಿಗೊಮ್ಮೆ ಮಗುಚಿ. ಡಿಸೆಂಬರಿನಲ್ಲಿ ಹಾಕಿದ್ದು ಮೇ ಹೊತ್ತಿಗೆ ಕಪ್ಪಗೆ ಪುಡಿಯಾಗಿರುತ್ತದೆ. ಮಳೆ ಹಿಡಿಯುವ ಮೊದಲು ತಗಡು ಹೊದಿಸುವುದನ್ನು ಮಾತ್ರ ಮರೆಯಬೇಡಿ. ಇನ್ನು ಎಷ್ಟು ಮೂಟೆ ಗೊಬ್ಬರ ಕಡಿಮೆ ಮಾಡಬಹುದು ಅನ್ನುವುದನ್ನು ಸುಮ್ನೆ ಅಂದಾಜಿನಲ್ಲಿ ಹೇಳಲಾರೆ, ಮಣ್ಣು ಪರೀಕ್ಷೆ ಮಾಡಿಸಿ. ಬಾಳೆಹೊನ್ನೂರಿನ ಹತ್ತಿರ 1925ರಿಂದ ಕಾಫಿ ಸಂಶೋಧನಾ ಕೇಂದ್ರವೇ ಇದೆ.

ಗ್ಯಾಸ್ ಆಗುತ್ತದೆ. 25 ಕೆಜಿ ಸಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್ ಲೆಕ್ಕ, ಮೂರು ಹಸುವಿನ ಸಗಣಿ ಅದಕ್ಕೆ ಸಾಕು. ಸಿಪ್ಪೆ ಸಿಗುವುದು ಎರಡು ಮೂರು ತಿಂಗಳು ಮಾತ್ರ, ಹಾಗಾಗಿ ವರ್ಷವಿಡೀ ಸಗಣಿಯೇ ಆಧಾರ. ಸಿಪ್ಪೆಯನ್ನು ಸಗಣಿ ಜೊತೆ ಸ್ವಲ್ಪ ಸ್ವಲ್ಪವೇ ಕಲಸಿ ಹಾಕಿ. ಒಮ್ಮೆಲೇ ಜಾಸ್ತಿ ಹಾಕಿದರೆ ಗ್ಯಾಸ್ ತೊಟ್ಟಿ ಹುಳಿಯಾಗಿ ಗ್ಯಾಸ್ ನಿಂತುಹೋಗುತ್ತದೆ. ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಏನೆಂದರೆ, ಒಲೆಯಲ್ಲಿ ಉರಿಯುವುದು ಬರೀ ಮೀಥೇನ್, ಪೊಟ್ಯಾಷ್ ಅಷ್ಟೂ ತೊಟ್ಟಿಯಿಂದ ಹೊರಬರುವ ಬಗ್ಗಡದಲ್ಲೇ ಉಳಿದು ತೋಟಕ್ಕೆ ಹೋಗುತ್ತದೆ.

ನೀವು ಕೇಳಿಲ್ಲ, ಆದರೂ ಪಲ್ಪರ್ ನೀರಿನ ಬಗ್ಗೆ ಹೇಳಲೇಬೇಕು. ಅದರಲ್ಲಿರುವ ಲೋಳೆ, ಸಕ್ಕರೆ ಹಳ್ಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ, ಮೀನು ಸಾಯುತ್ತವೆ. ಮೂಡಿಗೆರೆ ಸುತ್ತಲಿನ ಎಷ್ಟೋ ಹಳ್ಳಗಳು ಇಳಿಯುವುದು ಹೇಮಾವತಿಗೆ, ಹೇಮಾವತಿ ಹೋಗಿ ನಿಲ್ಲುವುದು ಗೊರೂರಿನ ಅಣೆಕಟ್ಟಿನಲ್ಲಿ. ಸಿಪ್ಪೆ ಗುಂಡಿ ಒಂದು ವರ್ಷ ತಡವಾದರೂ ಆಗಲಿ, ಪಲ್ಪರ್ ನೀರು ಹಳ್ಳಕ್ಕೆ ಹೋಗದಂತೆ ನಿಲ್ಲಿಸಲು ಈ ಕೊಯ್ಲಿಗೆ ಮೊದಲೇ ತೊಟ್ಟಿ ಕಟ್ಟಿಸಿ.