ಮನೆಯ ಪಟ್ಟಿಗಳಿಂದಲೇ ಪ್ರಾಜೆಕ್ಟ್ ಮಾಡಬಹುದೇ?

ಪ್ರಶ್ನೆ: ನಾನು ಬಿ.ಕಾಂ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಪ್ರತಿಯೊಬ್ಬರೂ ಸ್ವತಂತ್ರವಾಗಿ ಒಂದು ಪ್ರಾಜೆಕ್ಟ್ ಮಾಡಬೇಕು. ಸಹಪಾಠಿಗಳಲ್ಲಿ ಹೆಚ್ಚಿನವರು ‘ಗ್ರಾಹಕರ ತೃಪ್ತಿ’ಯ ಬಗ್ಗೆ ನೂರು ಪ್ರಶ್ನಾವಳಿ ತುಂಬಿಸಿ ಮುಗಿಸಲಿದ್ದಾರೆ. ನಮ್ಮದು ಮೆಣಸಿನಕಾಯಿ ಬೆಳೆಯುವ ಮನೆತನ. ‘ಬ್ಯಾಡಗಿ ಮಾರುಕಟ್ಟೆ: ಒಂದು ಅಧ್ಯಯನ’ ಎಂದು ವಿಷಯ ಕೊಟ್ಟರೆ ಮಾರ್ಗದರ್ಶಕರು ತೀರಾ ದೊಡ್ಡದಾಯಿತು ಎನ್ನುತ್ತಾರೆ. ಅದನ್ನು ಹೇಗೆ ಕಿರಿದುಗೊಳಿಸಲಿ? ಅಪ್ಪನ ಲೆಕ್ಕಪತ್ರಗಳನ್ನು ಬಳಸಬಹುದೇ?
— ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಮಾರ್ಗದರ್ಶಕರ ಮಾತು ಸರಿಯಾಗಿದೆ. ‘ಒಂದು ಅಧ್ಯಯನ’ ಎಂಬ ಶೀರ್ಷಿಕೆಯಲ್ಲಿ ಪ್ರಶ್ನೆಯೇ ಇಲ್ಲದಿರುವುದರಿಂದ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ದೊರೆತ ಭೌಗೋಳಿಕ ಸೂಚಕದಿಂದ (ಜಿಐ ಮಾನ್ಯತೆ) ಹಿಡಿದು ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗಳವರೆಗೆ ಎಲ್ಲವನ್ನೂ ಬರೆಯಬೇಕಾಗುತ್ತದೆ. ಯಾವುದಕ್ಕೂ ಉತ್ತರ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಪ್ರತಿ ವರ್ಷ ಕೇಳಿಬರುವ ಪ್ರಶ್ನೆಯನ್ನೇ ಕೇಳಿರಿ: ಸುಗ್ಗಿಯಲ್ಲಿ ದರ ಬಿದ್ದಾಗ ಮಾರಿಬಿಡುವುದು ಲಾಭವೋ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಆರು ತಿಂಗಳು ಕಾಯುವುದು ಲಾಭವೋ?

ಇದನ್ನು ಲೆಕ್ಕದಿಂದಲೇ ಬಿಡಿಸಬಹುದು. ಕ್ವಿಂಟಲ್‌ಗೆ 20,000 ರೂಪಾಯಿ ದರವಿತ್ತೆಂದು ಭಾವಿಸೋಣ. ವರ್ಷಕ್ಕೆ ಶೇ 12ರ ಬಡ್ಡಿಯಂತೆ ಆ ಹಣದ ಆರು ತಿಂಗಳ ಬಡ್ಡಿಯೇ 1,200 ರೂಪಾಯಿ. ಅದಕ್ಕೆ ಸ್ಟೋರೇಜಿನ ಬಾಡಿಗೆ, ಹಮಾಲಿ, ಎರಡನೆಯ ಬಾರಿಯ ಸಾಗಾಟ ಮತ್ತು ತೂಕದ ವ್ಯತ್ಯಾಸವನ್ನು ಸೇರಿಸಿದ ಮೇಲೆ ದರ ಎಷ್ಟು ಏರಿದ್ದರೆ ಕಾದದ್ದು ಸಾರ್ಥಕ ಎಂಬುದು ತಿಳಿಯುತ್ತದೆ. ಸಾಲವಿಲ್ಲದ ರೈತನೂ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಮೌಖಿಕ ಪರೀಕ್ಷೆಯಲ್ಲಿ ಖಂಡಿತ ಕೇಳುತ್ತಾರೆ. ಹಿಡಿಯಲೇಬೇಕು, ಆ ಹಣ ಬೇರೆಡೆ ದುಡಿಯಬಹುದಿತ್ತಲ್ಲ!

ದರಗಳ ವಿಚಾರದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ರಾಜ್ಯದ ಮಾರುಕಟ್ಟೆ ದರಗಳನ್ನು ಪ್ರಕಟಿಸುವ ಕೃಷಿ ಮಾರಾಟ ವಾಹಿನಿಯ ಜಾಲತಾಣದಲ್ಲಿ ಆವಕ (ಮಾರುಕಟ್ಟೆಗೆ ಬಂದ ಮಾಲು) ಮತ್ತು ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರಗಳು ದಿನವಾರು ಸಿಗುತ್ತವೆ. ಆದರೆ ಮಾರ್ಚಿನ ಸರಾಸರಿಯನ್ನು ಸೆಪ್ಟೆಂಬರಿನ ಸರಾಸರಿಯಿಂದ ಕಳೆದು ‘ಕಾದವರಿಗೆ ಇಷ್ಟು ಲಾಭ’ ಎಂದು ಬರೆದರೆ ಇಡೀ ಪ್ರಾಜೆಕ್ಟ್ ಕುಸಿಯುತ್ತದೆ. ಸುಗ್ಗಿಯಲ್ಲಿ ಮಾರುಕಟ್ಟೆಯ ಅಂಗಳಕ್ಕೆ ಬರುವುದು ಹೊಸ ಕಾಯಿ, ಅದರಲ್ಲಿ ತೇವ ಆರದ ಚೀಲಗಳೂ ಇರುತ್ತವೆ. ಸುಗ್ಗಿಯ ನಂತರ ಬರುವುದರಲ್ಲಿ ಬಹುಪಾಲು ಸ್ಟೋರೇಜಿನಿಂದ ಹೊರಬಿದ್ದ ಮಾಲು. ಡಬ್ಬಿ, ಕಡ್ಡಿ ಹಾಗೂ ಗುಂಟೂರು ತಳಿಗಳ ದರಗಳ ನಡುವೆಯೂ ಅಜಗಜಾಂತರವಿದೆ. ಬ್ಯಾಡಗಿಯ ಕಾಯಿಗೆ ಬೆಲೆ ಕಟ್ಟುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣ ಮಾಸಿದರೆ ಅದೇ ಚೀಲದ ದರ ಇಳಿಯುತ್ತದೆ. ಆದ್ದರಿಂದ ಕಡ್ಡಿಯನ್ನು ಕಡ್ಡಿಯೊಂದಿಗೆ ಮಾತ್ರ ಹೋಲಿಸಿರಿ, ಗರಿಷ್ಠ ದರವನ್ನು ನಂಬಬೇಡಿರಿ: ಅದು ಒಂದೇ ಒಂದು ಉತ್ತಮ ಲಾಟಿಗೆ ಸಿಕ್ಕ ದರವೂ ಆಗಿರಬಹುದು.

ಅಪ್ಪನ ಮಾರಾಟದ ಪಟ್ಟಿಗಳು ಈ ಕಾರಣಕ್ಕೇ ಅಮೂಲ್ಯ. ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ದಿನಾಂಕ, ಚೀಲಗಳ ಸಂಖ್ಯೆ, ತೂಕ, ದರ ಮತ್ತು ಕಡಿತಗಳಾದ ಮೇಲೆ ಕೈಗೆ ಬಂದ ಹಣ ಎಲ್ಲವೂ ಇರುತ್ತವೆ. ಐದು ವರ್ಷಗಳ ಪಟ್ಟಿ ಸಿಕ್ಕರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಇವು ನಿಮ್ಮ ಮನೆಯವೇ ಎಂಬುದನ್ನು ವರದಿಯ ಮೊದಲ ಅಧ್ಯಾಯದಲ್ಲೇ ಸ್ಪಷ್ಟವಾಗಿ ಹೇಳಿರಿ. ಮುಚ್ಚಿಟ್ಟರೆ ಅದು ದೋಷ, ಹೇಳಿದರೆ ಅಧ್ಯಯನದ ಮಿತಿಯಷ್ಟೇ. ಒಂದೇ ಮನೆಯಿಂದ ತೀರ್ಮಾನಕ್ಕೆ ಬರುವುದು ಸಲ್ಲದಾದ್ದರಿಂದ ಊರಿನ ಇನ್ನೂ ಹತ್ತು ಹನ್ನೆರಡು ರೈತರ ಪಟ್ಟಿಗಳನ್ನು ಅವರ ಒಪ್ಪಿಗೆ ಪಡೆದು, ಹೆಸರು ನಮೂದಿಸದೆ ಸೇರಿಸಿರಿ. ಕಾದು ಸೋತವರನ್ನು ಮರೆಯದೆ ಹುಡುಕಿರಿ. ಗೆದ್ದವರು ತಾವಾಗಿಯೇ ಬಂದು ಹೇಳುತ್ತಾರೆ. ಒಂದೇ ರಾತ್ರಿಯಲ್ಲಿ ಹಾಸ್ಟೆಲಿನಲ್ಲಿ ಕುಳಿತು ತುಂಬಿದ ನೂರು ಪ್ರಶ್ನಾವಳಿಗಳನ್ನು ನಾನು ಮೌಲ್ಯಮಾಪಕನಾಗಿ ಬೇಕಾದಷ್ಟು ನೋಡಿದ್ದೇನೆ, ಎಲ್ಲದರಲ್ಲೂ ಒಂದೇ ಪೆನ್ನಿನ ಶಾಯಿ. ಹನ್ನೆರಡು ನಿಜವಾದ ಪಟ್ಟಿಗಳ ಮುಂದೆ ಅವು ನಿಲ್ಲುವುದಿಲ್ಲ.

ದಲಾಲರನ್ನೂ ಸ್ಟೋರೇಜಿನವರನ್ನೂ ಮಾತನಾಡಿಸುವುದಾದರೆ ಕಾಲೇಜಿನ ಪತ್ರವನ್ನು ಒಯ್ಯಿರಿ. ಸೋಮವಾರ ಮತ್ತು ಗುರುವಾರ ಟೆಂಡರಿನ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಆ ದಿನ ಅಂಗಳವನ್ನು ಸುಮ್ಮನೆ ನೋಡಿಕೊಂಡು ಬನ್ನಿರಿ, ಪ್ರಶ್ನೆಗಳನ್ನು ಬುಧವಾರಕ್ಕೆ ಇಟ್ಟುಕೊಳ್ಳಿರಿ.