ಅಜ್ಜನ ಕಾಲದ ರೆಮಿಂಗ್ಟನ್ 141, ಅಂದರೆ ನಳಿಗೆ ಕೆಳಗಿನ ಹಿಡಿ (ಪಂಪ್) ಹಿಂದೆ-ಮುಂದೆ ಎಳೆದು ತೋಟಾ ತುಂಬುವ ಪಂಪ್-ಆಕ್ಷನ್ ರೈಫಲ್, ಚೆನ್ನಾಗಿದೆಯಾ ಅಂತ ತಿಳಿಯುವುದು ಹೇಗೆ?

ನಳಿಗೆಯ ಒಳಗೆ ನೋಡಿ. ಹೊರಗಿನ ಹೊಳಪು ಪಾಲಿಶ್ ಹೊಡೆದರೂ ಬರುತ್ತದೆ.

ನೀವು ಕೇಳಿದ ರೆಮಿಂಗ್ಟನ್ 141 ತಯಾರಾಗಿದ್ದು 1935ರಿಂದ 1950ರವರೆಗೆ. ಗುಂಡಿಲ್ಲ ಅಂತ ಎರಡೆರಡು ಸಲ ಖಾತ್ರಿ ಮಾಡಿಕೊಳ್ಳಿ. ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡು) ತೆರೆದು, ಅಲ್ಲಿ ಬಿಳಿ ಕಾಗದದ ಚೂರಿಟ್ಟು ಟಾರ್ಚ್ ಬಿಡಿ. ಒಳಗಿನ ಸುರುಳಿ ಗೀರುಗಳು ಚೂಪಾಗಿ ಕಂಡರೆ ಒಳ್ಳೆಯದು. ಕಪ್ಪು ಗುಳಿಗಳಿದ್ದರೆ ತುಕ್ಕು ಉಕ್ಕನ್ನೇ ತಿಂದಿದೆ.

ಕಾರಣ ಹಳೇ ತೋಟಾಗಳ ಕಿಡಿಮದ್ದು, ಅಂದರೆ ತೋಟಾದ ಬುಡದಲ್ಲಿದ್ದು ಒಳಗಿನ ಮದ್ದಿಗೆ ಬೆಂಕಿ ಹಚ್ಚುವ ಪ್ರೈಮರ್. ಸುಟ್ಟ ಮೇಲೆ ಅದು ಒಂದು ಬಗೆಯ ಉಪ್ಪು ಬಿಡುತ್ತಿತ್ತು. ಗೋವಾದ ವಾಸ್ಕೋದ ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುತ್ತದೆ ಅಲ್ವಾ? ಅದೂ ಹಾಗೇ ತೇವ ಎಳೆಯುತ್ತದೆ. ಸುಮ್ನೆ ಎಣ್ಣೆ ಒರೆಸಿದರೆ ಹೋಗುವುದಿಲ್ಲ, ನೀರಲ್ಲೇ ತೊಳೆಯಬೇಕಿತ್ತು.

ಪಂಪ್ ಎಳೆದು ನೋಡಿ, ಮುಚ್ಚಿದಾಗ ಬೋಲ್ಟ್ ಗಟ್ಟಿಯಾಗಿ ಕೂರಬೇಕು. ಗುಂಡು ಹಾರಿಸುವ ಮೊದಲು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ.